ಮಾರ್ಚ್ ಕೊನೆಯ ಕುಕ್ಕರ್ ಯಾತ್ರೆ

ತ್ಯಾಗರಾಜನಗರದ ನಮ್ಮ ಮನೆಯಿಂದ ಗಾಂಧಿಬಜಾರಿಗೆ ಆಟೊದವರು ಎಂಬತ್ತು ರೂಪಾಯಿ ಕೇಳಿದರು. ಚೌಕಾಸಿ ಮಾಡುವ ಮನಸ್ಸಿರಲಿಲ್ಲ, ಹತ್ತಿ ಕೂತೆವು. ಹಿಂದಿನ ವಾರವಷ್ಟೇ ನಮ್ಮವರು ತಲೆಸುತ್ತಿ ಸ್ಕೂಟರಿನಿಂದ ಬಿದ್ದಿದ್ದರು. ಸರಿಯಾಗಿ ನಿದ್ದೆಯಿಲ್ಲ, ಊಟವಿಲ್ಲ, ರೆಸ್ಟ್ ತಗೊಳ್ಳಿ, ಗಾಡಿ ಮುಟ್ಟಬೇಡಿ ಎಂದಿದ್ದರು ಡಾಕ್ಟರು. ನಮ್ಮವರಿರುವುದು ಒಂದು ಕುಕ್ಕರ್ ಕಂಪನಿಯ ಸೇಲ್ಸ್‌ನಲ್ಲಿ. ವರ್ಷದ ಟಾರ್ಗೆಟ್ ಮುಗಿಸಲು ಉಳಿದದ್ದು ಮಾರ್ಚಿನ ಕೊನೆಯ ದಿನಗಳು. "ಗಾಡಿ ತಾನೇ ಬೇಡ ಅಂದಿದ್ದು? ಆಟೊದಲ್ಲಿ ಹೋಗಿ" ಎಂದರಂತೆ ಮ್ಯಾನೇಜರ್. ಮೊಸರನ್ನದ ಡಬ್ಬಿ, ಮಾತ್ರೆ, ನೀರು ಹಿಡಿದು ನಾನೂ ಹೊರಟೆ.

ಗಾಂಧಿಬಜಾರಿನಲ್ಲಿ ಹೊಂಗೆ ಹೂ ಉದುರಿ, ನಿಂತ ಗಾಡಿಗಳ ಸೀಟಿನ ಮೇಲೆಲ್ಲ ಅರಳು ಚೆಲ್ಲಿದ ಹಾಗಿತ್ತು. ನಮ್ಮವರು ಅದನ್ನು ನೋಡಲೂ ಇಲ್ಲ. ಪಾತ್ರೆ ಅಂಗಡಿಯವರು ನನ್ನನ್ನು ಕಂಡು ನಕ್ಕರು.

"ಏನ್ ಸುರೇಶ್, ಮೇಡಮ್ಮನ್ನೂ ಸೇಲ್ಸಿಗೆ ಇಳಿಸ್ಬಿಟ್ರಾ ಕಂಪನಿಯೋರು?"

ನಮ್ಮವರು ಹಲ್ಲು ಕಿರಿದರು. ಮಾತು ಬೇಗ ಮುಗಿಯಿತು.

"ಬಿಲ್ ಹಾಕ್ಕೊಳ್ಳಿ. ಆದ್ರೆ ಏಪ್ರಿಲ್‌ನಲ್ಲಿ ಮಾಲೆಲ್ಲ ವಾಪಸ್ ತಗೊಂಡ್ಹೋಗ್ಬೇಕು, ಈಗ್ಲೇ ಹೇಳಿದೀನಿ."

ಪ್ರತಿ ಅಂಗಡಿಯ ಫೋಟೊ ಕಂಪನಿಯ ವಾಟ್ಸಾಪ್ ಗುಂಪಿಗೆ ಹೋಗಬೇಕು. ನಮ್ಮವರ ಫೋನಿನಲ್ಲಿ ನಾನೇ ತೆಗೆದೆ. ಶಂಕರಪುರದ ಮೇಲೆ ಚಾಮರಾಜಪೇಟೆಗೆ ಹೋಗುವಾಗ ಆಟೊದಲ್ಲಿ ಕೇಳಿದೆ.

"ವಾಪಸ್ ಬರೋ ಮಾಲು ಕೊಡೋದ್ಯಾಕೆ ರೀ?"

"ಟಾರ್ಗೆಟ್ ಆಗತ್ತಲ್ಲ."

"ಯಾರೂ ಒಂದ್ ಕುಕ್ಕರ್ ಕೊಂಡ್ಕೊಳ್ದೇನಾ?"

"ಗೋಡೌನಿಂದ ಆಚೆ ಹೋದ್ರೆ ಸಾಕು ಶೈಲಾ."

"ಮ್ಯಾನೇಜರ್‌ಗೆ ಗೊತ್ತಾ?"

"ಅವ್ರೇ ಹೇಳ್ಕೊಟ್ಟಿದ್ದು."

ನನ್ನ ಕಿವಿ ಬಿಸಿಯಾಯಿತು. ಇವರು ರಸ್ತೆಯಲ್ಲಿ ಬಿದ್ದದ್ದು, ಹೋಗಿ ವಾಪಸ್ ಬರುವ ಡಬ್ಬಗಳಿಗಾಗಿ! ಸಿಟ್ಟು ಬಂದರೂ ದನಿ ಏರಿಸಬಾರದೆಂದು ನಾನು ಓದಿದ ಕಾನ್ವೆಂಟಿನ ಸಿಸ್ಟರ್‌ಗಳು ಕಲಿಸಿದ್ದರು. ಬ್ಯಾಗಿನ ಹಿಡಿಯನ್ನು ತಿರುಚುತ್ತ ಕೂತೆ.

ಚಾಮರಾಜಪೇಟೆಯ ಅಂಗಡಿಯಲ್ಲೂ ಅದೇ ಮಾತು, ಅದೇ ಫೋಟೊ. ಬಿಸಿಲು ಸುಡುತ್ತಿತ್ತು. ದೇವಸ್ಥಾನದ ಜಗಲಿಯ ನೆರಳಿನಲ್ಲಿ ಡಬ್ಬಿ ತೆರೆದೆವು. ನಮ್ಮವರು ಇನ್ನೂ ಒಂದು ತುತ್ತೂ ಎತ್ತಿರಲಿಲ್ಲ, ಮ್ಯಾನೇಜರ್ ಫೋನ್ ಬಂತು.

"ಸುರೇಶ್, ಲಿಂಕ್ ಕಳ್ಸಿದೀನಿ ನೋಡಿ. ಸುಸ್ತಾಗದೆ ಟಾರ್ಗೆಟ್ ಮುಟ್ಟೋದು ಹೇಗೆ ಅಂತ ಕ್ಲಾಸು. ಕಂಪಲ್ಸರಿ. ಕ್ಯಾಮೆರಾ ಆನ್ ಇರ್ಲಿ, ಹಾಜರಿ ತಗೋತಾರೆ."

ಪರದೆಯ ಮೇಲೆ ಬಂದ ಹೆಂಗಸು ಬಹಳ ಮೆತ್ತಗೆ ಮಾತಾಡಿದಳು. ಉಸಿರು ನಿಧಾನವಾಗಿ ಎಳೆದುಕೊಳ್ಳಿ, ಊಟ ಬಿಡಬೇಡಿ, ಊಟದ ಹೊತ್ತಿನಲ್ಲಿ ಫೋನ್ ನೋಡಬೇಡಿ ಎಂದಳು. ಕ್ಯಾಮೆರಾ ಆನ್ ಇತ್ತಲ್ಲ, ಕಂಪನಿಯ ದೊಡ್ಡವರೆದುರು ತಿನ್ನುವುದು ಹೇಗೆಂದು ನಮ್ಮವರು ಡಬ್ಬಿ ಮುಚ್ಚಿಟ್ಟು ತಲೆಯಾಡಿಸುತ್ತ ಕೂತರು. ಆ ಫೋನನ್ನು ಕಿತ್ತು ರಸ್ತೆಗೆ ಎಸೆಯಬೇಕೆನಿಸಿತು. ಕ್ಲಾಸು ಮುಗಿದಾಗ ಊಟದ ಹೊತ್ತೂ ಮುಗಿದಿತ್ತು.

ಮಾರ್ಕೆಟ್ಟಿನಿಂದ ಮೆಟ್ರೊ ಹಿಡಿದು ಸಂಪಿಗೆ ರಸ್ತೆಯಲ್ಲಿ ಇಳಿದೆವು. ಮಲ್ಲೇಶ್ವರದ ಅಂಗಡಿ ಜಯಮ್ಮ ಎಂಬ ವಯಸ್ಸಾದವರದು. ಅವರು ಅಟ್ಟದ ಕಡೆ ಬೆರಳು ತೋರಿಸಿದರು.

"ಹೋದ ಮಾರ್ಚಿನ ಮಾಲೇ ಅಲ್ಲಿ ಕೂತಿದೆ ಕಣಪ್ಪ. ಏಪ್ರಿಲ್ಲಲ್ಲಿ ಬರ್ತೀನಿ ಅಂದ ನಿಮ್ಮ ಕಂಪನಿಯೋನು ಪತ್ತೆನೇ ಇಲ್ಲ. ಅದನ್ನ ಇಳ್ಸು, ಜಾಗ ಆದ್ರೆ ಹೊಸದಿಡು."

ನಾನು ಬೇಡ ಎನ್ನುವಷ್ಟರಲ್ಲಿ ನಮ್ಮವರು ಏಣಿ ಹತ್ತಿದ್ದರು. ಅರ್ಧಕ್ಕೆ ನಿಂತರು. ಹಣೆಯನ್ನು ಮೆಟ್ಟಿಲಿಗೆ ಒತ್ತಿಕೊಂಡರು. ಓಡಿಹೋಗಿ ಕಾಲು ಹಿಡಿದುಕೊಂಡೆ.

"ಇಳೀರಿ."

"ಇದೊಂದು ಅಂಗಡಿ ಆದ್ರೆ..."

"ಇಳೀರಿ ಅಂದೆ!" ರಸ್ತೆಯಲ್ಲಿ ಹೋಗುವವರು ತಿರುಗಿ ನೋಡಿದರು. ನೋಡಲಿ.

"ಇಳಿಯೋ ಮಹರಾಯ," ಎಂದರು ಜಯಮ್ಮ. "ಕುಕ್ಕರ್ ಬಿದ್ರೆ ಸೊಟ್ಟ ಆಗತ್ತೆ ಅಷ್ಟೆ. ನೀನ್ ಬಿದ್ರೆ ಈ ಹುಡುಗಿ ಏನ್ಮಾಡ್ಬೇಕು?"

ತಮ್ಮ ಕುರ್ಚಿ ಬಿಟ್ಟುಕೊಟ್ಟು ಮಜ್ಜಿಗೆ ಕುಡಿಸಿದರು. ನಮ್ಮವರು ಕೂತಲ್ಲೇ ನಿದ್ದೆಹೋದರು. ಬಾಯಿ ತೆರೆದಿತ್ತು, ಒಂದು ಚಪ್ಪಲಿ ಕಳಚಿತ್ತು, ತಲೆಯ ಮೇಲೆ ಅಟ್ಟದ ತುಂಬ ಧೂಳು ಹಿಡಿದ ಕಂಪನಿಯ ಡಬ್ಬಗಳು. ಅವರ ಫೋನಿನಲ್ಲೇ ಫೋಟೊ ತೆಗೆದೆ.

ಎದ್ದಾಗ ಮ್ಯಾನೇಜರ್ ಮೆಸೇಜು ಕಾದಿತ್ತು: ಮಲ್ಲೇಶ್ವರದ ಫೋಟೊ ಎಲ್ಲಿ? ತೆಗೆದದ್ದನ್ನು ತೋರಿಸಿದೆ. ನಮ್ಮವರು ಹಿಗ್ಗಿಸಿ ನೋಡಿದರು.

"ಇದನ್ನ ಹಾಕಿದ್ರೆ ಕೆಲಸ ಹೋದ್ರೂ ಹೋಗತ್ತೆ."

"ಹಾಕ್ದೇ ಇದ್ರೆ ಏನ್ ಹೋಗತ್ತೆ ಅಂತ ಗೊತ್ತಲ್ಲ?"

ಡಬ್ಬ ಇಳಿಸದೆ, ಬಿಲ್ ಹಾಕದೆ ಜಯಮ್ಮನಿಗೆ ಕೈಮುಗಿದು ಹೊರಟೆವು. ಮೆಟ್ರೊ ನಿಲ್ದಾಣದಲ್ಲಿ ರೈಲು ಕಾಣಿಸಿಕೊಂಡಾಗ ನಮ್ಮವರು ಫೋನ್ ತೆಗೆದು, ತಾವೇ ಆ ಫೋಟೊವನ್ನು ಗುಂಪಿಗೆ ಕಳಿಸಿದರು. ಕೆಳಗೆ ಒಂದೇ ಸಾಲು: "ಮಲ್ಲೇಶ್ವರ. ನಾಳೆಯಿಂದ ರಜೆ."

ಸೌತ್ ಎಂಡ್‌ನಲ್ಲಿ ಇಳಿದು ಮರದ ಕೆಳಗಿನ ಕಲ್ಲುಬೆಂಚಿನ ಮೇಲೆ ಕೂತೆವು. ಅವರು ಡಬ್ಬಿ ಕೇಳಿದರು.

"ಹುಳಿ ಬಂದಿರತ್ತೆ, ಬಿಡಿ. ಮನೇಲಿ ಬಿಸಿಯಾಗಿ ಮಾಡ್ತೀನಿ."

"ಕೊಡು ಇಲ್ಲಿ."

ಬೆಂಚಿನ ಮೇಲಿಟ್ಟಿದ್ದ ಫೋನ್ ಬಡಿದುಕೊಳ್ಳತೊಡಗಿತು, ಮ್ಯಾನೇಜರದೇ. ಆ ಮ್ಯಾನೇಜರಿಗೆ ಹೇಳಬೇಕಾದ ಮಾತೆಲ್ಲ ನನ್ನ ನಾಲಿಗೆಯ ತುದಿಯಲ್ಲಿತ್ತು, ಕೈ ಚಾಚಿದೆ. ನಮ್ಮವರು ಡಬ್ಬಿಯ ಸ್ಟೀಲ್ ಮುಚ್ಚಳವನ್ನು ಫೋನಿನ ಮೇಲೆ ಬೋರಲು ಹಾಕಿದರು. ಮುಚ್ಚಳ ಗಡಗಡ ಅದುರುತ್ತಲೇ ಇತ್ತು. ಅವರು ಕೊನೆಯ ಅಗುಳಿನವರೆಗೂ ನಿಧಾನವಾಗಿ ಉಂಡರು.