ಫಾಂಟ್ ಮರೆತ ಬ್ಯಾಕಪ್

೨೦೦೬ರಲ್ಲಿ ನಾನು ಉಪ್ಪಳದ ಒಂದು ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ಟೆಕ್ನಿಶಿಯನ್ ಆಗಿದ್ದೆ. ಐದು ವರ್ಷದ ಅನುಭವವಾಗಿತ್ತು, ಅದಕ್ಕಿಂತ ಹೆಚ್ಚು ಜಂಬವಿತ್ತು. ಗಿರಾಕಿಗಳು ಸಿಪಿಯುವನ್ನು ಮೈ ಒರಸುವ ಬೈರಾಸಿನಲ್ಲಿ ಸುತ್ತಿ, ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ತರುತ್ತಿದ್ದ ಆ ಕಾಲವನ್ನು ನೆನೆದರೆ ಈಗಲೂ ಮನಸ್ಸು ಹಗುರಾಗುತ್ತದೆ.

ಎಣ್ಮಕಜೆಯ ಸರೋಜಿನಿ ಟೀಚರೂ ಹಾಗೆಯೇ ಬಂದರು. ಕಂಪ್ಯೂಟರಿಗೆ ವೈರಸ್ ಹೊಕ್ಕಿತ್ತು. ಸಿ ಡ್ರೈವ್ ಪೂರ್ತಿ ಅಳಿಸಿ ವಿಂಡೋಸ್ ಹೊಸದಾಗಿ ಹಾಕದೆ ಬೇರೆ ದಾರಿಯಿರಲಿಲ್ಲ.

"ಅದರಲ್ಲಿ ಅಮ್ಮನ ಪಾಡ್ದನ ಉಂಟು ಗಣೇಶಣ್ಣ. ನಾಟಿ ಗದ್ದೆಯಲ್ಲಿ ಹಾಡ್ತಿದ್ದದ್ದು. ಅವರು ಹೇಳಿದ ಹಾಗೆ ನಾನು ಟೈಪ್ ಮಾಡಿದ್ದು. ಈಗ ಅಮ್ಮ ಇಲ್ಲ. ಹೋದರೆ ಪುನಃ ಕೇಳ್ಲಿಕ್ಕೆ ಜನ ಇಲ್ಲ."

"ಹೆದರ್ಬೇಡಿ ಟೀಚರ್" ಎಂದೆ. ಕನ್ನಡ ಲಿಪಿಯಲ್ಲಿದ್ದ ಆ ಅರವತ್ತೆರಡು ತುಳು ಫೈಲುಗಳನ್ನು ಸಿಡಿಗೆ ಬರೆದೆ. ಅದೇ ಕಂಪ್ಯೂಟರಿನಲ್ಲಿ ಒಂದೊಂದನ್ನೂ ತೆರೆದು ನೋಡಿದೆ. ಎಲ್ಲ ಸರಿಯಿತ್ತು. ಆಮೇಲೆಯೇ ಫಾರ್ಮ್ಯಾಟ್ ಮಾಡಿದ್ದು.

ಮರುದಿನ ಟೀಚರ ಎದುರಿನಲ್ಲೇ ಫೈಲ್ ತೆರೆದರೆ ಪರದೆ ತುಂಬ ಕೊಂಬು ಬಾಲ ಬಂದ ಇಂಗ್ಲಿಷ್ ಅಕ್ಷರಗಳು!

"ಇದೆಂತ?" ಎಂದರು ಟೀಚರ್.

ಆಗ ಕನ್ನಡದ ಒಂದೊಂದು ತಂತ್ರಾಂಶಕ್ಕೂ ಅದರದೇ ಫಾಂಟ್, ಅಂದರೆ ಅಕ್ಷರಗಳ ಅಚ್ಚು. ಅದಿಲ್ಲದಿದ್ದರೆ ಬರೆದದ್ದು ಕನ್ನಡವಾಗಿ ಕಾಣುತ್ತಿರಲಿಲ್ಲ. ಫಾಂಟ್ ಇರುವುದು ಸಿ ಡ್ರೈವಿನ ವಿಂಡೋಸ್ ಫೋಲ್ಡರಿನೊಳಗೆ. ಅದನ್ನು ನಾನೇ ನನ್ನ ಕೈಯಾರೆ ಅಳಿಸಿದ್ದೆ. ಟೀಚರ್ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಸ್ಟೂಲಿನಲ್ಲಿ ಕೂತುಬಿಟ್ಟರು.

ಫೈಲಿನಲ್ಲಿ ಫಾಂಟಿನ ಹೆಸರು ಕಾಣುತ್ತಿತ್ತು. ಅದನ್ನು ಚೀಟಿಯಲ್ಲಿ ಬರೆದುಕೊಂಡು ಉಪ್ಪಳದ ಡಿಟಿಪಿ ಅಂಗಡಿಗಳನ್ನೆಲ್ಲ ಸುತ್ತಿದೆ. ಎಲ್ಲೂ ಇಲ್ಲ. ಕೊನೆಗೆ ಮಂಗಲ್ಪಾಡಿಯಲ್ಲಿ ಮದುವೆ ಕಾಗದ ಅಚ್ಚು ಹಾಕುವ ಗೆಳೆಯ ಶೇಖರನಲ್ಲಿಗೆ ಹೋದೆ.

"ಫಾಂಟ್ ತೆಗೊಳ್ಳದೆ ಫಾರ್ಮ್ಯಾಟ್ ಹೊಡೆದದ್ದಾ? ನೀನೆಂತ ಟೆಕ್ನಿಶಿಯನ್ ಮಾರಾಯ!" ಎಂದು ನಕ್ಕ. ಆದರೂ ಅಟ್ಟದಿಂದ ಹಳೆಯ ಕಂಪ್ಯೂಟರ್ ಇಳಿಸಿ, ಧೂಳು ಕೊಡವಿ, ಹುಡುಕಿ ಕೊಟ್ಟ. ಒಂದು ಫ್ಲಾಪಿಯಲ್ಲಿ ಹಿಡಿಸುವಷ್ಟೇ ಇತ್ತು ಅದು.

ಸಂಜೆ ಫಾಂಟ್ ಹಾಕಿ ಫೈಲ್ ತೆರೆದೆ. ಕನ್ನಡ ಬಂತು. ಟೀಚರ್ ಒಂದು ಕಡೆ ಬೆರಳಿಟ್ಟು ನಿಂತರು. ಹಾಡಿನ ನಡುವೆ ಅವರೇ ಆವರಣದಲ್ಲಿ ಬರೆದಿಟ್ಟ ಟಿಪ್ಪಣಿ: "ಇಲ್ಲಿ ಅಮ್ಮನಿಗೆ ಮರೆತುಹೋಯಿತು. ನಾಳೆ ಕೇಳಬೇಕು."

"ಮತ್ತೆ ನಾನು ಕೇಳ್ಲೇ ಇಲ್ಲ ಗಣೇಶಣ್ಣ" ಎಂದು ಸೆರಗಿನಿಂದ ಕಣ್ಣೊರಸಿಕೊಂಡರು. ನನಗೂ ಅಳು ಬಂತು.

ಅಂದಿನಿಂದ ಬ್ಯಾಕಪ್ಪನ್ನು ಇನ್ನೊಂದು ಕಂಪ್ಯೂಟರಿನಲ್ಲಿ ತೆರೆದು, ಗಿರಾಕಿಯಿಂದಲೇ ಓದಿಸದೆ ನಾನು ಫಾರ್ಮ್ಯಾಟ್ ಮಾಡಿದ್ದಿಲ್ಲ. "ಇನ್ನೆಂತಾದರೂ ಉಂಟಾ?" ಎಂದು ಎರಡೆರಡು ಸಲ ಕೇಳುತ್ತಿದ್ದೆ. ಕೆಲವರು ರೇಗುತ್ತಿದ್ದರು. ರೇಗಲಿ, ಕೇಳಬೇಕಾದ್ದನ್ನು ಇವತ್ತೇ ಕೇಳಿಬಿಡಬೇಕು.