ಕೊಯ್ತಾ ತಿರುಗಿಸಿದ ಕೈ

ನಾನು ನಿಂತದ್ದು ಲಾಂಚಿನ ನಡುಭಾಗದಲ್ಲಿ, ಬಲಗಡೆಯ ಕಟಾಂಜನಕ್ಕೆ ಬೆನ್ನು ಕೊಟ್ಟು. ನನ್ನ ಎಡಗಾಲಿನ ಪಕ್ಕದಲ್ಲಿ ಎಳನೀರಿನ ಬುಟ್ಟಿ ಇತ್ತು. ಬುಟ್ಟಿಯ ಮೇಲೆ, ಎರಡು ಕಾಯಿಗಳ ನಡುವೆ ಸಿಕ್ಕಿಸಿದಂತೆ, ಎಳನೀರು ಕೆತ್ತುವ ಕೊಯ್ತಾ ಇತ್ತು. ಗೋವಾ ಬಿಡುಗಡೆಯಾದ ಮರುವರ್ಷದ ಬೇಸಿಗೆ. ಹೊತ್ತು ಇನ್ನೂ ನೆತ್ತಿಗೆ ಬಂದಿರಲಿಲ್ಲ. ಬಿಸಿಲು ನನ್ನ ಬೆನ್ನ ಹಿಂದಿನಿಂದ ಬೀಳುತ್ತಿದ್ದುದರಿಂದ ನನಗೆ ಕಣ್ಣು ಕುಕ್ಕುತ್ತಿರಲಿಲ್ಲ.

ಇದನ್ನು ಮೊದಲೇ ಹೇಳಿಬಿಡಲು ಕಾರಣವಿದೆ. ಅಂದು ಆ ಲಾಂಚಿನ ಮೇಲೆ ಸತ್ತ ತರುಣನ ತಾಯಿಗೆ, ನಿನ್ನ ಮಗ ಆಟದಲ್ಲಿ ಕೈತಪ್ಪಿ ಬಿದ್ದ ಏಟಿನಿಂದ ಹೋದ ಎಂದು ಹೇಳಿದವರು ಬಹಳ ಜನ. ಕೈ ತಪ್ಪಿರಲಿಲ್ಲ. ಆ ಕೈಯನ್ನು ನಾನು ನೋಡಿದ್ದು ದೂರದಿಂದಲ್ಲ, ಚಾಚಿದರೆ ಮುಟ್ಟಬಹುದಾದಷ್ಟು ಹತ್ತಿರದಿಂದ.

ನಾನು ಹುಕ್ಕೇರಿಯಲ್ಲಿ ಬಟ್ಟೆ ಹೊಲಿಯುವವನು. ನಮ್ಮಂಥವರು ಬರೀ ಸಮುದ್ರ ನೋಡಲೆಂದು ಘಟ್ಟ ಇಳಿಯುವುದು ಆಗ ಅಪರೂಪ. ಇಳಿಸಿದವರು ಮಾವ, ಅಂದರೆ ತುಕ್ಕಾನಟ್ಟಿಗೆ ಕೊಟ್ಟ ನನ್ನ ಅಕ್ಕನ ಗಂಡ. ಆ ವರ್ಷದ ಕಬ್ಬಿನ ಗಾಣ ಮುಗಿದಿತ್ತು. ಅಕ್ಕನನ್ನು, ನನ್ನನ್ನು, ಮಮದಾಪುರದ ತಮ್ಮ ಗೆಳೆಯ ಪೈಲವಾನನನ್ನು, ಜೊತೆಗೆ ಗೋಕಾಕ, ಮೂಡಲಗಿ ಕಡೆಯ ಗುರುತಿನವರನ್ನು ಕೂಡಿಸಿಕೊಂಡು ಕರಾವಳಿಯ ಒಂದು ಬಂದರಿಗೆ ಬಂದರು. ಧರ್ಮಶಾಲೆಯಲ್ಲಿ ಇಳಿದೆವು. ಮೊದಲ ದಿನ ಎಲ್ಲರೂ ದಂಡೆಯಲ್ಲಿ ಕುಳಿತು ಕರದಂಟು ತಿನ್ನುತ್ತ ನೀರನ್ನು ನೋಡಿದೆವು. ಎರಡನೆಯ ದಿನ ಮಾವನಿಗೆ ಸುಮ್ಮನೆ ನೋಡುವುದು ಸಾಕಾಯಿತು.

ಆ ಬಂದರಿನ ಲಾಂಚ್ ಮಾಲೀಕನೊಬ್ಬ, ರಜೆಗೆ ಬಂದವರಿಗಾಗಿ, ಬೆಳಗಿನಿಂದ ಸಂಜೆಯವರೆಗೆ ಒಂದು ವಿಹಾರದ ಸಹಲು ನಡೆಸುತ್ತಿದ್ದ. ಅದಕ್ಕೆ 'ಕಡಲುಗಳ್ಳರ ದಿನ' ಎಂದು ಹೆಸರಿಟ್ಟಿದ್ದ. ಲಾಂಚಿಗೆ ಕಪ್ಪು ಬಾವುಟ, ಬದಿಗೆ ತಲೆಬುರುಡೆಯ ಚಿತ್ರ. ಹತ್ತಿ ಕುಳಿತವರೆಲ್ಲ ಸರಕು ಸಾಗಿಸುವ ವ್ಯಾಪಾರಿಗಳು. ದ್ವೀಪದ ಹತ್ತಿರ ಹೋದಾಗ ಕಳ್ಳರ ವೇಷದವರು ದೋಣಿಯಲ್ಲಿ ಬಂದು ಮೇಲೆ ಬೀಳುತ್ತಾರೆ, ಕಾವಲುಗಾರರಿಗೂ ಅವರಿಗೂ ಕಾಳಗವಾಗುತ್ತದೆ, ನಮ್ಮನ್ನು ಸೆರೆಹಿಡಿದು ದ್ವೀಪಕ್ಕೆ ಒಯ್ದು ಅಲ್ಲಿ ಊಟ ಹಾಕುತ್ತಾರೆ, ಸಂಜೆ ಬಿಡಿಸಿ ತರುತ್ತಾರೆ.

"ಟಿಕೀಟ ತಗೊಂಡು ಕಳ್ಳರ ಕೈಯಾಗ ಸಿಗೂದಂದ್ರ ಇದನ ನೋಡು," ಎಂದಳು ಅಕ್ಕ. "ನಮ್ಮೂರಾಗ ಪುಕಟ ಸಿಗತಾರ."

"ನೀ ಸುಮ್ಕಿರ. ನಿನ್ನ ಒಯ್ದ್ರ ಅವ್ರ ದೋಣಿನ ಮುಳಗತೈತಿ," ಎಂದರು ಮಾವ.

ಪೈಲವಾನ ನಗುತ್ತ, "ನನ್ನ ಒಯ್ಯಾಕ ಎರಡ ದೋಣಿ ಬೇಕಾಗ್ತಾವ ನೋಡ್ರಿ ವೈನಿ," ಎಂದ.

ಹತ್ತುವ ಮೊದಲು ಕಂಡದ್ದು ಒಂದಿದೆ. ಕಳ್ಳರ ನಾಯಕನ ವೇಷದವನು ಅಗಲ ಮೈಯವನು, ಅಂಟಿಸಿದ ಗಡ್ಡ. ನಮ್ಮ ಕಾವಲುಗಾರನ ವೇಷದವನು ತೆಳ್ಳಗಿನ ತರುಣ. ಕೆಂಪು ಅಂಗಿಯ ಹೆಗಲ ಹೊಲಿಗೆ ಬಿಟ್ಟಿತ್ತು, ಅದು ನನ್ನ ಕಣ್ಣಿಗೆ ಬಿತ್ತು. ಇಬ್ಬರೂ ಸೇರಿ ಹಗ್ಗದಿಂದ ನೀರಿನ ಪೀಪಾಯಿ ಏರಿಸುತ್ತಿದ್ದರು. ನಡುವೆ ನಾಯಕನು ಹಗ್ಗ ಬಿಟ್ಟುಬಿಟ್ಟ. ಇಡೀ ಭಾರ ತರುಣನ ಮೇಲೆ ಬಂದು ಹಗ್ಗ ಅವನ ಅಂಗೈಯ ಚರ್ಮ ಸುಲಿದುಕೊಂಡು ಜಾರಿತು. ತರುಣ ಅಂಗೈ ನೋಡಿಕೊಂಡ, ಆಮೇಲೆ ಅವನನ್ನು ನೋಡಿದ. ನಾಯಕ ತನ್ನವರೊಡನೆ ಸಣ್ಣ ದೋಣಿ ಹತ್ತಿ ನಮಗಿಂತ ಮುಂದೆ ಹೋದ. ಅವನ ತಂಗಿಯನ್ನು ಈ ತರುಣನಿಗೆ ಕೊಟ್ಟಿತ್ತು, ಈತ ಅವಳನ್ನು ತವರಿಗೆ ಕಳಿಸಿ ಕರೆತಂದಿರಲಿಲ್ಲ ಎಂದು ಆಮೇಲೆ ಹೇಳಿದರು. ಅದು ನಾನು ಕೇಳಿದ್ದು. ಹಗ್ಗ ಬಿಟ್ಟದ್ದು ಮಾತ್ರ ನೋಡಿದ್ದು.

ಇನ್ನೊಂದು ವಿಷಯ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ನಮ್ಮ ಕಡೆಯವರು ಪಾರಿಜಾತ, ದೊಡ್ಡಾಟ ನೋಡಿ ಬೆಳೆದವರು. ಆಟ ನಡೆದಿರುವಾಗಲೇ ವೇಷಗಾರನ ಮಾತೋ ಕುಣಿತವೋ ಮನಸ್ಸಿಗೆ ಹತ್ತಿದರೆ, ನೋಡುವವರಲ್ಲಿ ಒಬ್ಬರು ಎದ್ದು ನೇರ ರಂಗಕ್ಕೆ ಹೋಗಿ ಅವನಿಗೆ ಆಯೇರಿ ಮಾಡುತ್ತಾರೆ. ಒಂದು ಶಲ್ಯ ಹೊದಿಸುತ್ತಾರೆ, ಇಲ್ಲವೆ ಒಂದು ಕಾಯಿ ಕೊಡುತ್ತಾರೆ. ಅದು ಮುಗಿಯುವ ತನಕ ರಾಕ್ಷಸನಾದರೂ ಎತ್ತಿದ ಕತ್ತಿ ಎತ್ತಿದಂತೆಯೇ ಹಿಡಿದು ನಿಲ್ಲಬೇಕು. ಮಾವ ಇದರಲ್ಲಿ ಮುಂದು. ಅವರ ಹೆಗಲ ಮೇಲಿನ ಶಲ್ಯ ಆಟ ಮುಗಿಯುವವರೆಗೆ ಅವರ ಹೆಗಲ ಮೇಲೆ ಉಳಿದದ್ದನ್ನು ನಾನು ಕಂಡಿಲ್ಲ.

ದ್ವೀಪ ಕಾಣತೊಡಗಿದಾಗ ಕಳ್ಳರ ದೋಣಿ ಬಂಡೆಯ ಮರೆಯಿಂದ ಬಂತು. ಕೊಕ್ಕೆ ಹಾಕಿ ಲಾಂಚನ್ನು ಹಿಡಿದರು, ಕೂಗುತ್ತ ಏರಿದರು. ಹೆಂಗಸರು ಚೀರಿದರು, ಚೀರಿ ನಕ್ಕರು. ಒಬ್ಬ ಕಳ್ಳ ಮಾವನ ರುಮಾಲು ಕಿತ್ತುಕೊಂಡ. ಮಾವ, "ಒಯ್ಯಪಾ, ಒಳಗ ಹೇನು ಅದಾವ, ಅವನ್ನೂ ಒಯ್ಯಿ," ಎಂದರು. ಎಲ್ಲರೂ ಗೊಳ್ಳೆಂದು ನಕ್ಕರು. ಕಟ್ಟಿಗೆಯ ಕತ್ತಿಗಳು, ಮೇಲೆ ಬೆಳ್ಳಿಯ ಕಾಗದ. ಕಾವಲುಗಾರರಲ್ಲಿ ಒಬ್ಬ ಏಟು ತಿಂದವನಂತೆ ಬಿದ್ದ. ಅವನ ಎದೆಯಿಂದ ಕೆಂಪು ನೀರು ಹರಿಯಿತು. ಹೆಂಗಸರು ಅಯ್ಯೋ ಎಂದರು. ಅವನು ಎದ್ದು ಕೈಮುಗಿದ. ಒಳಗೆ ಕಟ್ಟಿಕೊಂಡಿದ್ದ ಕುಂಕುಮದ ನೀರಿನ ಚೀಲ ತೆಗೆದು ತೋರಿಸಿದ. ಹೀಗಾಗಿ ರಕ್ತ ಎಂದರೆ ಆ ಲಾಂಚಿನ ಮೇಲೆ ಕುಂಕುಮದ ನೀರು ಎಂದು ನಾವೆಲ್ಲ ಮೊದಲೇ ಕಲಿತಿದ್ದೆವು.

ಕಡೆಗೆ ನಾಯಕ ಮತ್ತು ಕೆಂಪು ಅಂಗಿಯ ತರುಣ ಎದುರುಬದುರಾದರು. ಚೆನ್ನಾಗಿಯೇ ಆಡಿದರು. ತರುಣ ಹಗುರಾಗಿ ಹಾರುತ್ತಿದ್ದ. ಅವನ ಏಟಿಗೆ ನಾಯಕನ ಕತ್ತಿ ಹಿಡಿಯ ಹತ್ತಿರ ಮುರಿಯಿತು. ಜನ ಸಿಳ್ಳೆ ಹಾಕಿದರು. ತರುಣ ನಕ್ಕು ಏನೋ ಅಂದ, ಕೊಂಕಣಿಯಲ್ಲಿ, ನನಗೆ ತಿಳಿಯಲಿಲ್ಲ. ನಾಯಕ ಹಿಡಿಯನ್ನು ಎಸೆದು ನನ್ನ ಕಡೆ ಸರಿದ, ಬುಟ್ಟಿಗೆ ಕೈ ಹಾಕಿದ. ಕೊಯ್ತಾ ಅವನ ಕೈಗೆ ಬಂದಾಗ ಅದರ ಬೆನ್ನು ಮುಂದೆ ಇತ್ತು. ಆಟಕ್ಕೆ ಹಿಡಿಯುವವನು ಹಾಗೆಯೇ ಹಿಡಿಯುತ್ತಿದ್ದ. ಅವನು ಅದನ್ನು ನೋಡಿದ. ಮುಷ್ಟಿಯೊಳಗೇ ಹಿಡಿಯನ್ನು ಹೊರಳಿಸಿದ. ಹರಿತವಾದ ಬಾಯಿ ಮುಂದಾಯಿತು. ಆಮೇಲೆ ತರುಣನ ಕಡೆ ತಿರುಗಿದ.

ನಾನು ನೋಡಿದ್ದು ಇದು. ನೋಡಿದ್ದರ ಅರ್ಥ ನನಗೆ ಆಗುವ ಮೊದಲೇ ಏಟು ಬಿದ್ದಿತ್ತು.

ಕುತ್ತಿಗೆ ಹೆಗಲಿಗೆ ಸೇರುವಲ್ಲಿ ಬಿತ್ತು. ಹಸಿ ಕಬ್ಬಿನ ಬುಡಕ್ಕೆ ಕುಡಗೋಲು ಬಿದ್ದಂಥ ಸಪ್ಪಳ. ತರುಣ ಮಂಡಿಯೂರಿದ. ಕೈಯಲ್ಲಿದ್ದ ಕಟ್ಟಿಗೆಯ ಕತ್ತಿಯನ್ನು ಬಿಡಲಿಲ್ಲ. "ಭಲೇ!" ಎಂದರು ಯಾರೋ. ತರುಣ ನಮ್ಮ ಕಡೆ ತಿರುಗಿ, ಕನ್ನಡದಲ್ಲಿ, "ಆಟ ಅಲ್ಲ, ಆಟ ಅಲ್ಲ," ಎಂದ.

"ಏನ್ ಮಾತ ಹಚ್ಚಿದನಪಾ! ಖರೆ ಅನಸ್ತೈತಿ," ಎಂದರು ಮಾವ.

ಮೂಡಲಗಿಯ ಗುಂಪಿನಿಂದ ಕೂಗು ಎದ್ದಿತು: "ವನ್ಸ್ ಮೋರ್!" ಇನ್ನಷ್ಟು ಜನ ದನಿ ಸೇರಿಸಿದರು. ಚಪ್ಪಾಳೆ ಬಿದ್ದವು. ಆ ಚಪ್ಪಾಳೆಯೊಳಗೇ ಎರಡನೆಯ ಏಟು. ತರುಣ ಅಡ್ಡ ಹಿಡಿದ ಮುಂಗೈಗೆ ಬಿತ್ತು, ಮುಂಗೈ ಚರ್ಮದ ಮೇಲೆ ಜೋತಾಡಿತು. ಅವನು ಈಗ ಅವ್ವನನ್ನು ಕೂಗುತ್ತಿದ್ದ. ಅವರ ಮಾತಿನಲ್ಲಿ 'ಆವೈ' ಅನ್ನುತ್ತಾರೆ. ಅದು ಯಾರಿಗಾದರೂ ತಿಳಿಯುವ ಮಾತು. ತಿಳಿದೂ ನಮ್ಮವರು ಕೂತೇ ಇದ್ದರು.

ಆಗ ಮಾವ ಎದ್ದರು. ಎದೆಯುಬ್ಬಿಸಿಕೊಂಡು, ಶಲ್ಯ ಬಿಚ್ಚಿ ಎರಡೂ ಕೈಯಲ್ಲಿ ಹಿಡಿದು, ಆಯೇರಿ ಮಾಡುವವರ ನಡಿಗೆಯಲ್ಲಿ ಹೋದರು. ನಾಯಕ ಕೊಯ್ತಾ ಎತ್ತಿದ್ದ. ನೋಡುವವರಲ್ಲೊಬ್ಬ ನಡುವೆ ಬಂದದ್ದಕ್ಕೆ ಗಲಿಬಿಲಿಯಾಗಿ ಹಾಗೆಯೇ ನಿಂತ. ಮಾವ ಶಲ್ಯವನ್ನು ತರುಣನ ಹೆಗಲಿಗೆ ಹೊದಿಸಿದರು, ಶಭಾಷ್ ಎಂದು ಅದರ ಮೇಲೆ ಕೈ ತಟ್ಟಿದರು. ಕೈ ಒಳಗೆ ಇಳಿಯಿತು. ಅವರು ಕೈ ಎತ್ತಿ ನೋಡಿಕೊಂಡರು. ಮೂಸಿದರು. ಬಿಳಿಯ ಶಲ್ಯ ಅಂಚಿನವರೆಗೆ ಕೆಂಪಾಗುತ್ತ ಬಂತು.

"ಲೇ," ಎಂದರು ಮಾವ. ಕೆಂಪಾದ ಕೈಯನ್ನು ನಮ್ಮ ಕಡೆ ಚಾಚಿದರು. "ಲೇ, ಖರೇನ ಕಡದಾನೋ!"

ಮುಂದೆ ಆದದ್ದನ್ನು ಆದ ಕ್ರಮದಲ್ಲೇ ಹೇಳಲು ಯತ್ನಿಸುತ್ತೇನೆ. ಪೈಲವಾನ ಕಳ್ಳರ ದೋಣಿಯ ಹುಟ್ಟನ್ನು ಎಳೆದುಕೊಂಡು ನಾಯಕನ ಬಲ ಮೊಣಕೈಗೆ ಹೊಡೆದ. ಎಲುಬು ಮುರಿದದ್ದು ಕೇಳಿಸಿತು. ಕೊಯ್ತಾ ಬಿತ್ತು. ಎರಡನೆಯ ಏಟಿಗೆ ಅವನ ಹಲ್ಲುಗಳು ಹೋದವು, ಅಂಟಿಸಿದ ಗಡ್ಡ ಒಂದು ಕಡೆ ಕಿತ್ತು ನೇತಾಡಿತು. ಕ್ಷಣದ ಹಿಂದೆ ಚಪ್ಪಾಳೆ ಹೊಡೆದಿದ್ದ ಕೈಗಳೆಲ್ಲ ಅವನ ಮೇಲೆ ಬಿದ್ದವು. ಎಳನೀರಿನ ಕಾಯಿಗಳಿಂದ ಹೊಡೆದರು, ಕಾಲಿನ ಕೆರಗಳಿಂದ ಹೊಡೆದರು. ಉಳಿದ ವೇಷಗಾರರಿಗೆ ನಾವು ಅವನನ್ನು ಕೊಲ್ಲುತ್ತಿದ್ದೇವೆ ಎಂಬುದಷ್ಟೇ ಕಂಡಿತು. ಅವರು ಕೊಕ್ಕೆಗಳನ್ನು ತಿರುಗಿಸಿಕೊಂಡು ಬಂದರು. ಗೋಕಾಕದವನೊಬ್ಬನ ಕೆನ್ನೆಯನ್ನು ಕೊಕ್ಕೆ ಹರಿಯಿತು, ಹಲ್ಲು ಹೊರಗೆ ಕಂಡವು. ಕಟ್ಟಿಗೆಯ ಕತ್ತಿ ಹಿಡಿದವನನ್ನೂ ನಮ್ಮವರು ಬಿಡಲಿಲ್ಲ. ಕುಂಕುಮದ ನೀರು ತೋರಿಸಿ ನಗಿಸಿದ್ದನಲ್ಲ, ಅವನು ಮೂಲೆಯಲ್ಲಿ ಮುದುಡಿ ಕೈಮುಗಿಯುತ್ತಿದ್ದ, ಅವನನ್ನೂ ತುಳಿದರು. ಹಲಗೆಯ ಮೇಲೆ ಯಾವುದು ನೀರು, ಯಾವುದು ರಕ್ತ ಎಂದು ತಿಳಿಯುತ್ತಿರಲಿಲ್ಲ, ಕಾಲು ಜಾರುತ್ತಿತ್ತು. ಜನರೆಲ್ಲ ಒಂದೇ ಬದಿಗೆ ಬಿದ್ದು ಲಾಂಚ್ ಓರೆಯಾಯಿತು.

"ಮುಳುಗ್ತದೆ! ಈಚೆ ಬನ್ನಿ, ಮುಳುಗ್ತದೆ!" ಎಂದು ಚುಕ್ಕಾಣಿಯ ಮುದುಕ ಒದರಿದ. ಅದೇ ಎಲ್ಲರನ್ನೂ ನಿಲ್ಲಿಸಿದ್ದು. ದಯೆ ಬಂದು ನಿಂತವರು ಯಾರೂ ಇರಲಿಲ್ಲ.

ಅಕ್ಕ ಆ ಹೊತ್ತಿಗಾಗಲೇ ತರುಣನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಬುಟ್ಟಿಯ ಹಿಂದೆ, ನನ್ನ ಕಾಲಬಳಿ ಕೂತಿದ್ದವಳು ಅವಳು. ಶಲ್ಯವನ್ನು ಮುದ್ದೆ ಮಾಡಿ ಗಾಯಕ್ಕೆ ಒತ್ತಿ ಹಿಡಿದಿದ್ದಳು. ನಾನು ನನ್ನ ಧೋತರ ಹರಿದು ಮುಂಗೈಯನ್ನು ಬಿಗಿದೆ. ದಿನವೂ ಬಟ್ಟೆ ಹರಿಯುವ ಕೈ. ಅಂದು ಎಳೆ ಹಿಡಿದು ನೇರ ಹರಿಯಲು ಆಗಲಿಲ್ಲ.

"ಬಂದರ ಬಂತಪಾ, ಕಣ್ಣ ತಗಿ," ಎನ್ನುತ್ತಿದ್ದಳು ಅಕ್ಕ. ಲಾಂಚನ್ನು ಹಿಂದಕ್ಕೆ ತಿರುಗಿಸಿದ್ದರು, ಬಂದರು ಇನ್ನೂ ಕಾಣುತ್ತಿರಲಿಲ್ಲ. ಎಂಜಿನ್ನಿಗೆ ಅಷ್ಟೇ ವೇಗ. ಪೈಲವಾನ ಚುಕ್ಕಾಣಿಯವನ ಹತ್ತಿರ ಹೋಗಿ, "ಜೋರ ಹೊಡೀರಿ ಅಜ್ಜಾರ, ನಿಮ್ಮ ಕಾಲ ಬೀಳ್ತೇನಿ," ಎಂದ. ತರುಣ ಒಮ್ಮೆ ಕಣ್ಣು ತೆರೆದು ಅಕ್ಕನ ಮುಖವನ್ನು ನೋಡಿದ. ನೀರು ಬೇಕೇನೋ ಎಂದು ಅವಳು ಕೈಯಿಂದ ತುಟಿ ಒದ್ದೆ ಮಾಡಿದಳು. ಅವನು ನುಂಗಲಿಲ್ಲ. ದೀಪಸ್ತಂಭ ಕಂಡಾಗ ಅವನ ಎದೆ ನಿಂತಿತ್ತು. ಅಕ್ಕ ಗಾಯವನ್ನು ಒತ್ತಿ ಹಿಡಿದ ಕೈ ಮಾತ್ರ ಲಾಂಚ್ ಬಂದರಿನ ಧಕ್ಕೆಗೆ ಬಂದು ನಿಲ್ಲುವ ತನಕ ತೆಗೆಯಲಿಲ್ಲ.

ಪೊಲೀಸ್ ಠಾಣೆಯ ಮುಂದಿನ ಜಗಲಿಯಲ್ಲಿ ಮಾಲೀಕ ನಮ್ಮವರನ್ನು ಕೂಡಿಸಿ ಮೆಲ್ಲಗೆ ಹೇಳಿದ: "ಕೈತಪ್ಪಿ ಆದದ್ದು. ಹಾಗೇ ಹೇಳಿ, ಊರಿಗೆ ಹೋಗಿ. ನೀವೇ ಚಪ್ಪಾಳೆ ಹೊಡೆದವರು. ಕೊಲೆ ನೋಡಿ ಯಾರಾದರೂ ಚಪ್ಪಾಳೆ ಹೊಡೆಯುತ್ತಾರಾ?"

ಕೊಯ್ತಾ ಕೈಗೆ ಬಂದದ್ದನ್ನು ಬಹಳ ಜನ ನೋಡಿಯೇ ಇರಲಿಲ್ಲ; ಅವರ ಕಣ್ಣು ತರುಣನ ಮೇಲಿತ್ತು. ಮಾವ ಗೋಡೆಗೆ ಒರಗಿ ಕೂತಿದ್ದರು, ಬಲಗೈಯನ್ನು ಮೈಯಿಂದ ದೂರ ಚಾಚಿಟ್ಟುಕೊಂಡು.

ಅಷ್ಟರಲ್ಲಿ ತರುಣನ ತಾಯಿ ಬಂದಳು. ಮೀನಿನ ಬುಟ್ಟಿಯನ್ನು ಯಾರೋ ಅವಳ ತಲೆಯಿಂದ ಇಳಿಸಿದ್ದರು, ಸಿಂಬಿ ಇನ್ನೂ ತಲೆಯ ಮೇಲೇ ಇತ್ತು. ಅಳುತ್ತಿರಲಿಲ್ಲ. ಯಾರೋ ಬೆರಳು ಮಾಡಿ ತೋರಿಸಿದರು. ಅಕ್ಕನೂ ನಾನೂ ಇದ್ದ ಕಡೆ ಬಂದು ನಿಂತಳು.

"ನೀವು ಹತ್ತಿರ ಇದ್ದಿರಂತೆ. ಬೇಕೆಂದು ಹೊಡೆದನೋ, ಕೈ ತಪ್ಪಿತೋ? ಅಷ್ಟು ಹೇಳಿ."

ಮಾಲೀಕ ನನ್ನನ್ನೇ ನೋಡುತ್ತಿದ್ದ. ನಾನು ಬಾಯಿ ತೆರೆಯುವುದರೊಳಗೆ ಅಕ್ಕ ಹೇಳಿದಳು: "ಬೇಕಂತನ ಹೊಡದಾನ್ರೀ ಯವ್ವಾ. ಬಾಯಿ ತಿರುವಿ ಹಿಡದು ಹೊಡದ. ಕಣ್ಣಾರೆ ನೋಡೇನಿ."

"ನಾನೂ ನೋಡಿದೆ," ಎಂದೆ.

ತಾಯಿ ತಲೆಯ ಮೇಲಿನ ಸಿಂಬಿ ತೆಗೆದು ಕೈಯಲ್ಲಿ ಹಿಡಿದುಕೊಂಡಳು. "ಅದನ್ನು ಕೇಳಿದ ಕಡೆಯಲ್ಲೆಲ್ಲ ಹೇಳಿ," ಎಂದಳು.

ಹೇಳಿದೆವು. ಕರೆದಾಗಲೆಲ್ಲ ಘಟ್ಟ ಇಳಿದು ಹೇಳಿದೆವು. ಪ್ರತಿ ಸಲವೂ ವಕೀಲರು ನನ್ನನ್ನು ಕೇಳಿದ್ದು ಕೊಯ್ತಾದ ಬಗ್ಗೆ ಕಡಿಮೆ, ಚಪ್ಪಾಳೆಯ ಬಗ್ಗೆ ಹೆಚ್ಚು. ಹೊಡೆದರೇ? ಹೊಡೆದರು. 'ವನ್ಸ್ ಮೋರ್' ಎಂದರೇ? ಅಂದರು. ನಿಮ್ಮ ಮಾವ ಮೆಚ್ಚಿ ಶಲ್ಯ ಹೊದಿಸಿದರೇ? ಹೊದಿಸಿದರು. ಇವೆಲ್ಲ ನಿಜವೇ ಆಗಿದ್ದವು. ಕಡೆಗೆ ಅದು ಆಟದಲ್ಲಿ ಕೈತಪ್ಪಿ ಆದ ಸಾವು ಎಂದೇ ತೀರ್ಮಾನವಾಯಿತು. ನಾಯಕನ ವೇಷದವನು ಸ್ವಲ್ಪ ಕಾಲ ಜೈಲಿನಲ್ಲಿದ್ದು ಹೊರಗೆ ಬಂದ. ಮಾವ ಮತ್ತೆಂದೂ ಆಟ ನೋಡಲು ಹೋಗಲಿಲ್ಲ. ಊರಿನವರು ಕರೆದರೆ, ಕಾಲು ನೋವು ಎನ್ನುತ್ತಿದ್ದರು. ಈಗ ಅವರಿಲ್ಲ. ಆ ತಾಯಿಯೂ ತೀರಿಕೊಂಡಳೆಂದು ಕೇಳಿದ್ದೇನೆ. ಅವಳಿಗೆ ಜನ ಕೊನೆಯವರೆಗೂ ಆಟದ ಮಾತನ್ನೇ ಹೇಳಿದರಂತೆ.

ಏಟು ಬಿದ್ದದ್ದನ್ನು ನೋಡಿದವರು ಇನ್ನೂ ಹಲವರಿದ್ದಾರೆ. ಮಮದಾಪುರದಲ್ಲಿ ಪೈಲವಾನ ಇದ್ದಾನೆ, ಮಂಡಿ ಹಿಡಿದುಕೊಂಡಿವೆ, ನೆನಪು ಗಟ್ಟಿ ಇದೆ. ಗೋಕಾಕದಲ್ಲಿ ಕೆನ್ನೆ ಹರಿದವನು ಇದ್ದಾನೆ. ಕೊಯ್ತಾದ ಬಾಯಿ ತಿರುಗಿದ್ದನ್ನು ನೋಡಿದವರು ಅವರಲ್ಲ. ಅದನ್ನು ನೋಡಿ ಇಂದಿಗೂ ಬದುಕಿರುವವರು ಮೂವರು: ಹುಕ್ಕೇರಿಯಲ್ಲಿ ನಾನು, ತುಕ್ಕಾನಟ್ಟಿಯಲ್ಲಿ ಅಕ್ಕ, ಮತ್ತು ಆ ಬಂದರಿನಲ್ಲಿ, ಎಡಗೈಯಿಂದ ಬಲೆ ಹೆಣೆಯುತ್ತಾನೆಂದು ಹೇಳುತ್ತಾರೆ, ಅದನ್ನು ತಿರುಗಿಸಿದವನು.