ಓಕಿನು ಪ್ಲೇಟುಗಳನ್ನು ಬಿಸಿಲಿಗಿಟ್ಟದ್ದು

ಓಕಿನು ಹುಟ್ಟಿದ್ದು ರೇಷ್ಮೆ ವ್ಯಾಪಾರಿಯ ಮನೆಯಲ್ಲಿ, ಸೇರಿದ್ದು ಒಸಾಕಾದ ಕ್ಯಾಮೆರಾ ಅಂಗಡಿ. ಗಂಡ ಸೋಕಿಚಿ ಹಡಗಿನಲ್ಲಿ ಕ್ಯಾಮೆರಾ, ಫೋಟೋ ಮೂಡುವ ಗಾಜಿನ ಪ್ಲೇಟು ತರಿಸಿ ಊರೂರಿನ ಸ್ಟುಡಿಯೋಗಳಿಗೆ ಹಂಚುತ್ತಿದ್ದ. ಅವನಿಗೆ ಸದಾ ತಿರುಗಾಟ. ಅಂಗಡಿ ಹಿರಿಯ ಗುಮಾಸ್ತ ಕಿಹೇಯ್‌ನ ಕೈಯಲ್ಲಿ. ಇಪ್ಪತ್ತು ವರ್ಷ ದುಡಿದವನು, ಆದರೂ ಓಕಿನುವಿಗೆ ಅವನ ಮೇಲೆ ಒಂದು ಕಣ್ಣು.

ಹೊಸ ಸರಕು ಬಂದಾಗಲೆಲ್ಲ ಕಿಹೇಯ್ ಹಿಂದಿನ ಕತ್ತಲೆ ಕೋಣೆ ಹೊಕ್ಕು ಚಿಲಕ ಹಾಕಿಕೊಳ್ಳುತ್ತಿದ್ದ.

“ಒಳಗೇನಯ್ಯಾ ನಿಂದು ಅಷ್ಟು ಹೊತ್ತು?”

“ಪ್ಲೇಟು ಪರೀಕ್ಷೆ, ಅಮ್ಮಾವ್ರೆ. ಬಾಗಿಲು ತೆಗೀಬೇಡಿ, ಬೆಳಕು ಬಿದ್ರೆ ಹಾಳಾಗ್ತವೆ.”

“ಬೆಳಕಿಲ್ದೆ ಫೋಟೋನೇ ಬರಲ್ಲ ಅಂತಾರೆ ನಮ್ಮೆಜಮಾನ್ರು. ಯಾರ ಕಿವಿಗೆ ಹೂ ಇಡ್ತೀಯೋ?”

ಗಿರಾಕಿಗಳ ಕಾಗದಗಳನ್ನು ಪ್ಲೇಟಿನ ಪೆಟ್ಟಿಗೆಗಳಲ್ಲೇ ಬಚ್ಚಿಡುತ್ತಾನೆ, ನಾಳೆ ತನ್ನದೇ ಅಂಗಡಿ ಹಾಕಿ ಎಲ್ಲರನ್ನೂ ಸೆಳೆದುಕೊಂಡರೆ ನಮಗೆ ಮಣ್ಣೇ ಗತಿ ಎಂದು ಅವಳ ಲೆಕ್ಕ.

ಆಷಾಢದ ಜಿಟಿಜಿಟಿ ಮುಗಿದು ಬಿಸಿಲು ಕಾಯಿತು. ಬೂಷ್ಟು ಹಿಡಿಯದಿರಲೆಂದು ಓಣಿಯವರೆಲ್ಲ ಬಟ್ಟೆ, ಪುಸ್ತಕಗಳನ್ನು ಅಂಗಳದಲ್ಲಿ ಹರಡುವ ದಿನಗಳು. ಕಿಹೇಯ್ ಬಂದರಿಗೆ ಹೋದದ್ದೇ ತಡ, ಓಕಿನು ತನ್ನ ರೇಷ್ಮೆ ಕಿಮೋನೋಗಳ ಪಕ್ಕದಲ್ಲೇ ಹನ್ನೆರಡು ಪೆಟ್ಟಿಗೆ ಬಿಚ್ಚಿದಳು. ಕಾಗದದ ಚೂರೂ ಇಲ್ಲ. ಬಿಚ್ಚಿದ್ದಾಯಿತಲ್ಲ, ಪ್ಲೇಟುಗಳೂ ಒಣಗಲಿ ಎಂದು ಮಧ್ಯಾಹ್ನದವರೆಗೆ ಬಿಟ್ಟು, ಒರೆಸಿ, ಮೊದಲಿನಂತೆಯೇ ಅಂಟಿಸಿಟ್ಟಳು.

ತಿಂಗಳಲ್ಲಿ ವಕಯಾಮಾದ ಸ್ಟುಡಿಯೋದವನು ಕೂಗಾಡುತ್ತ ಬಂದ. “ಪ್ಲೇಟು ಕೊಟ್ರಾ, ಕಾಡಿಗೆ ಕೊಟ್ರಾ? ಹವಾಯಿಗೆ ದುಡಿಯೋಕೆ ಹೋದ ಗಂಡುಗಳಿಗೆ ಸಂಬಂಧಕ್ಕೆ ಕಳಿಸ್ಬೇಕಿದ್ದ ಹುಡುಗೀರ ಫೋಟೋ! ಒಂದ್ರಲ್ಲೂ ಮುಖ ಇಲ್ಲ! ಇನ್ನು ನಿಮ್ಮ ಅಂಗಡಿ ಹೊಸಿಲು ತುಳಿಯಲ್ಲ!”

ಓಕಿನು ಒಂದು ಹೆಜ್ಜೆ ಹಿಂದೆ ಸರಿದಳು. ಕಿಹೇಯ್ ಬಂದವನು ತಂದಿದ್ದ ಪೆಟ್ಟಿಗೆಯ ಅಂಟು ನೋಡಿದ, ಅವಳನ್ನು ನೋಡಿದ, ಚಾಪೆಗೆ ಹಣೆ ಹಚ್ಚಿದ. “ನಾನೇ ತೆರೆದದ್ದು, ಸ್ವಾಮಿ. ತಪ್ಪಾಯ್ತು.” ಬಂದವನು ಮನಸಾರೆ ಬೈದು, ಹೊಸ ಪೆಟ್ಟಿಗೆ ಹೊತ್ತುಕೊಂಡು ಹೋದ.

“ಯಾಕೋ ಸುಳ್ಳು ಹೇಳ್ದೆ?” ಓಕಿನು ಕಣ್ಣು ಕಿರಿದು ಮಾಡಿದಳು.

“ಗುಮಾಸ್ತನ ತಪ್ಪಾದ್ರೆ ಗುಮಾಸ್ತನ್ನ ಬೈತಾರೆ. ಅಮ್ಮಾವ್ರದ್ದಾದ್ರೆ ಅಂಗಡೀನೇ ಬಿಡ್ತಾರೆ.”

“ನನ್ನನ್ನ ನಿನ್ನ ಮುಷ್ಟೀಲಿ ಇಟ್ಕೊಳ್ಳೋಣ ಅಂತಲ್ವಾ?”

“ಹಾಗಾದ್ರೆ ನೀವೇ ಯಜಮಾನ್ರಿಗೆ ಬರೆದುಬಿಡಿ.”

ಬರೆದಳು. ಪೆಟ್ಟಿಗೆ ತೆರೆದದ್ದು ನಾನು, ಕಿಹೇಯ್‌ನದು ಏನೂ ತಪ್ಪಿಲ್ಲ ಎಂದು. ಮಡಚಿ ಅವನ ಕೈಗಿತ್ತು, “ಅಂಚೆಗೆ ಹಾಕು” ಎಂದಳು. ಅವನು ಹೊಸಿಲು ದಾಟುವಷ್ಟರಲ್ಲಿ ಹಿಂದೆ ಓಡಿ ಕಿತ್ತುಕೊಂಡಳು.

“ತಾ ಇಲ್ಲಿ. ನೀನೆಲ್ಲಾದ್ರೂ ಬಚ್ಚಿಟ್ಕೊಂಡ್ರೆ? ನಾನೇ ಹಾಕಿ ಬರ್ತೀನಿ.”